ಓದುಗರ ಸ್ಪಂದನ: ‘ಪ್ರಾರ್ಥಿಸಿದೆ, ಆದರೆ ಹೋಗಲಿಲ್ಲ’

ಕಳೆದ ಸಂಚಿಕೆಯ ಸಮಸ್ಯೆ: ಸಾಂಕ್ರಾಮಿಕದ ದಿನಗಳಲ್ಲಿ ನಮ್ಮ ಚರ್ಚ್ ಸಭೆಯ ಗೆಳತಿ ಗಂಡನನ್ನು ಕಳೆದುಕೊಂಡಳು. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆಂದು ನಾನು ಹೋಗಲಿಲ್ಲ. ‘ಪ್ರಾರ್ಥಿಸುತ್ತಿದ್ದೇನೆ’ ಅಂತ ಮೆಸೇಜ್ ಹಾಕಿದೆ, ಅಷ್ಟೇ. ಈಗ ಆರಾಧನೆಯಲ್ಲಿ ಅವಳ ಮುಖ ನೋಡಲಾಗುತ್ತಿಲ್ಲ. ನನ್ನ ವಿಶ್ವಾಸ ಬರೀ ಬಾಯಿಮಾತಾ?

*

ಅತ್ತೆಯನ್ನು ಕಾಪಾಡಿದ್ದು ತಪ್ಪಲ್ಲ, ಮೊದಲು ಆ ಭಾರ ಇಳಿಸಿ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಊರು ಬಿಡಲಿಲ್ಲ. ಹೆಂಡತಿ ಗರ್ಭಿಣಿ, ಆದರೂ ರೋಗಿಗಳನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಹಾಗಂತ ಊರು ಬಿಟ್ಟವರನ್ನೆಲ್ಲ ಅವರು ಬೈಯಲಿಲ್ಲ. ಪಾದ್ರಿಗಳು, ಅಧಿಕಾರಿಗಳು ಇರಲೇಬೇಕು; ರೋಗಿಯನ್ನು ನೋಡಿಕೊಳ್ಳಲು ಬೇರೆಯವರಿದ್ದರೆ ಉಳಿದವರು ಹೋಗಬಹುದು ಎಂದು ಬರೆದರು. ಔಷಧಿ ತಗೊಳ್ಳಿ, ಅಗತ್ಯವಿಲ್ಲದ ಕಡೆ ಹೋಗಿ ರೋಗ ಹರಡಬೇಡಿ ಅಂತಲೂ ಹೇಳಿದರು.

ಆದರೆ ‘ಬೇರೆಯವರಿದ್ದರೆ’ ಅನ್ನುವ ಮಾತು ನೋಡಿ. ನಿಮ್ಮ ಗೆಳತಿಗೆ ಯಾರಾದರೂ ಇದ್ದರಾ? ನೀವು ಅದನ್ನು ಬರೆದಿಲ್ಲ. ಕೇಳಿರಲೂ ಇಲ್ಲವೇನೋ. ಮನಸ್ಸಿಗೆ ಚುಚ್ಚುತ್ತಿರುವುದು ಅದೇ ಇರಬೇಕು.

ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದವನಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದು ಎಲ್ಲರಿಗೂ ನೆನಪಿರುತ್ತದೆ. ಮರುದಿನ ಅವನು ಹೊರಟದ್ದು ಮರೆತೇಹೋಗುತ್ತದೆ! ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ವಾಪಸ್ ಬರುವ ದಾರಿ ನಿಮಗೂ ಇನ್ನೂ ಇದೆ, ಅಲ್ವಾ?

– ನಿವೃತ್ತ ನರ್ಸ್

*

ನಾನು ಆ ಗೆಳತಿಯ ಜಾಗದಲ್ಲಿದ್ದವಳು. ನನ್ನವರು ಹೋದಾಗ ಫೋನ್ ತುಂಬ ಮೆಸೇಜ್. ಯಾರು ಬಂದರು, ಯಾರು ಬರಲಿಲ್ಲ, ಲೆಕ್ಕ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಷ್ಟ ಶುರುವಾದದ್ದು ಆಮೇಲೆ, ಎಲ್ಲರೂ ಅವರವರ ಕೆಲಸಕ್ಕೆ ಮರಳಿದ ಮೇಲೆ. ಆಗ ಸಭೆಯ ಒಬ್ಬ ಅಕ್ಕ ಬಂದರು. ವಿಮೆಯ ಫಾರ್ಮ್ ತುಂಬೋಣ ಅಂತ ಪಕ್ಕದಲ್ಲಿ ಕೂತರು. ‘ಮೃತರೊಂದಿಗೆ ಸಂಬಂಧ’ ಅನ್ನುವ ಕಾಲಂ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಅವರು ಏನೂ ಹೇಳಲಿಲ್ಲ. ಪೆನ್ನು ತೆಗೆದುಕೊಂಡು ‘ಪತ್ನಿ’ ಎಂದು ಬರೆದು, ಮುಂದಿನ ಸಾಲಿಗೆ ಹೋದರು.

‘ದೇವರ ಚಿತ್ತ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಬೈಬಲಿನ ಯೋಬ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡಾಗ ಅವನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು.

– ಇಬ್ಬರು ಮಕ್ಕಳ ತಾಯಿ

*

ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ. ನಿಮ್ಮ ಪತ್ರದ ತುಂಬ ನಿಮ್ಮದೇ ನೋವು. ಅವರ ಹತ್ತಿರ ಹೋಗಿ ಕ್ಷಮೆ ಕೇಳುತ್ತಾ ಅಳಬೇಡಿ, ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ‘ಆಗ ಬರಲಿಲ್ಲ, ತಪ್ಪಾಯ್ತು’ ಅಂತ ಒಂದೇ ಸಲ ಹೇಳಿ. ಏನಾದರೂ ಬೇಕಿದ್ದರೆ ಹೇಳು ಅನ್ನುವುದೂ ಬೇಡ, ಯಾರೂ ಹೇಳುವುದಿಲ್ಲ. ಶನಿವಾರ ಮಕ್ಕಳನ್ನು ನಾನು ನೋಡಿಕೊಳ್ಳಲಾ, ಬ್ಯಾಂಕಿಗೆ ಜೊತೆಗೆ ಬರಲಾ, ಹೀಗೆ ಕೇಳಿ. ಬೇಡ ಅಂದರೆ ಮುಂದಿನ ವಾರ ಮತ್ತೆ ಕೇಳಿ.

– ಕಾಲೇಜು ಉಪನ್ಯಾಸಕ