ನಮ್ಮೂರು ತಂಪು ಅಂತ ಪ್ರೊಸೆಸರ್ ವೋಲ್ಟೇಜ್ ಏರಿಸಬಹುದಾ?

ಸೋಮವಾರಪೇಟೆಯಿಂದ ಪ್ರಶ್ನೆ:

ನನ್ನದು ಎಎಂಡಿಯ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಪ್ರೊಸೆಸರ್ ಜೊತೆಗೇ ಬಂದ ಕೂಲರ್. ವಿಡಿಯೊ ಎಡಿಟಿಂಗ್‌ಗೆ ಬಳಸುತ್ತೇನೆ. ಆರೂ ಕೋರ್‌ಗಳನ್ನು 4.2 ಗಿಗಾಹರ್ಟ್ಸ್‌ನಲ್ಲಿ ಓಡಿಸುವ ಆಸೆ. ಏನೂ ಬದಲಿಸದೆ ಇರುವಾಗಲೇ ಆಗಾಗ 1.45 ವೋಲ್ಟ್ ತೋರಿಸುತ್ತದೆ. ನಮ್ಮೂರು ಹೇಗೂ ತಂಪು ಅಲ್ವಾ, ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್ ಮೆನು) 1.45 ಅಂತಲೇ ಫಿಕ್ಸ್ ಮಾಡಿಬಿಡಬಹುದಾ? ಮಾಡಿ ನೋಡಿದವರು ಹೇಳಿ.

ಮಡಿಕೇರಿಯಿಂದ:

ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಹತ್ತಿರವೂ ಇದೇ ಪ್ರೊಸೆಸರ್ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ನೋಡಿದ 1.45, ಒಂದೆರಡು ಕೋರ್ ಮಾತ್ರ ಕ್ಷಣ ಹೊತ್ತು ಜೋರಾಗಿ ಓಡುವಾಗಿನದು. ಆಗ ಹರಿಯುವ ಕರೆಂಟ್ ಕಡಿಮೆ. ಆರೂ ಕೋರ್‌ಗೆ ಕೆಲಸ ಬಿದ್ದ ಕೂಡಲೇ ಚಿಪ್ ತಾನಾಗಿಯೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ನೀವು ಕೈಯಾರೆ ಫಿಕ್ಸ್ ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ವೋಲ್ಟೇಜೂ ಜಾಸ್ತಿ, ಕರೆಂಟೂ ಜಾಸ್ತಿ, ಅದೂ ರೆಂಡರ್ ಮುಗಿಯುವವರೆಗೆ ಗಂಟೆಗಟ್ಟಲೆ. ಚಿಪ್ ಸವೆಯುವುದು ಹೀಗೆ. ಮೊದಮೊದಲು ಗೊತ್ತೇ ಆಗುವುದಿಲ್ಲ. ಆಮೇಲೆ ಒಂದು ದಿನ, ಗಟ್ಟಿಯಾಗಿ ನಿಂತಿದ್ದ ವೇಗಕ್ಕೇ ಇನ್ನಷ್ಟು ವೋಲ್ಟೇಜ್ ಕೇಳಲು ಶುರು ಮಾಡುತ್ತದೆ.

ಹವೆ ತಂಪಿದ್ದರೆ ಬಿಸಿ ಇಳಿಯುತ್ತದೆ, ನಿಜ. ಆದರೆ ವೋಲ್ಟೇಜ್ ಮಾಡುವ ಹಾನಿ ಅಷ್ಟರಿಂದಲೇ ತಪ್ಪುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳ ಕಥೆ ನೆನಪಿದೆಯಲ್ಲ? ಕೈಯಾರೆ ವೇಗ ಏರಿಸದವರ (ಓವರ್‌ಕ್ಲಾಕ್ ಮಾಡದವರ) ಚಿಪ್‌ಗಳೂ ಕೆಟ್ಟವು. ಕೊನೆಗೆ 2024ರ ಆಗಸ್ಟ್‌ನಲ್ಲಿ, ಚಿಪ್ ಕೇಳುವ ವೋಲ್ಟೇಜ್ 1.55 ದಾಟದಂತೆ ತಡೆಯುವ ಮೈಕ್ರೋಕೋಡನ್ನು (ಚಿಪ್ ಒಳಗಿನ ಪುಟ್ಟ ಪ್ರೋಗ್ರಾಂ) ಕಂಪನಿಯೇ ಬಿಡಬೇಕಾಯಿತು.

ಪವರ್ ಲೆಕ್ಕವನ್ನೂ ನೋಡಿ. ಅದು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಒಂದಿಷ್ಟೂ ಏರಿಸದೆ 1.25ರಿಂದ 1.45ಕ್ಕೆ ಹೋದರೂ ಮೂರನೇ ಒಂದು ಭಾಗದಷ್ಟು ಪವರ್ ಜಾಸ್ತಿ ತಿನ್ನುತ್ತದೆ. ಆ ಚಿಕ್ಕ ಕೂಲರ್‌ಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರ ಹತ್ತಿರ ಶೇ 10ರಷ್ಟು ತೆಳು. ಅದೇ ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಹೊತ್ತೊಯ್ಯುವ ಬಿಸಿ ಕಡಿಮೆ. ತಂಪಿನ ಲಾಭದಲ್ಲಿ ಸ್ವಲ್ಪ ಇಲ್ಲೇ ಸೋರಿಹೋಗುತ್ತದೆ.

ನಾನು ಮಾಡಿದ್ದು ಇಷ್ಟು. ಮೊದಲು ಒಂದು ಟವರ್ ಕೂಲರ್ (ಎತ್ತರದ, ದೊಡ್ಡ ಗಾಳಿಯ ಕೂಲರ್) ಹಾಕಿಸಿದೆ. 4.0 ಗಿಗಾಹರ್ಟ್ಸ್, 1.25 ವೋಲ್ಟ್‌ನಿಂದ ಶುರು ಮಾಡಿ 25 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ ಹೋದೆ. ಪ್ರತಿ ಮೆಟ್ಟಿಲಲ್ಲೂ ಸಿನಿಬೆಂಚ್, ಕೊನೆಗೆ ರಾತ್ರಿಯಿಡೀ ಓಸಿಸಿಟಿ. ಎರಡೂ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೋಗ್ರಾಂಗಳು. 1.3 ವೋಲ್ಟ್ ದಾಟಬಾರದು, 85 ಡಿಗ್ರಿ ದಾಟಬಾರದು ಅಂತ ಗೆರೆ ಹಾಕಿಕೊಂಡೆ. ಈ ಚಿಪ್‌ನ ಗರಿಷ್ಠ ಮಿತಿ 95 ಡಿಗ್ರಿ. ಅಲ್ಲಿಯವರೆಗೂ ಹೋಗುವ ಅಗತ್ಯ ಏನಿದೆ? ನನ್ನದು 4.1ಕ್ಕೆ ನಿಂತಿತು, ಅಷ್ಟಕ್ಕೇ ಬಿಟ್ಟೆ.

ವೋಲ್ಟೇಜನ್ನು ಎಚ್‌ಡಬ್ಲ್ಯೂಇನ್ಫೋ ಅನ್ನುವ ಪ್ರೋಗ್ರಾಂನಲ್ಲಿ ನೋಡಿ. ಅದರಲ್ಲೂ ಎಸ್‌ವಿಐ2 ಟಿಎಫ್‌ಎನ್ ಅಂತ ಇರುವ ಸಾಲನ್ನೇ ನಂಬಿ. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಸರಿದೂಗಿಸುವ ಬಯೋಸ್ ಸೆಟ್ಟಿಂಗ್) ನಡುವಿನ ಮಟ್ಟದಲ್ಲಿರಲಿ. ಪೂರ್ತಿ ಏರಿಸಿದರೆ, ಲೋಡ್ ತಟ್ಟನೆ ಇಳಿದಾಗ ವೋಲ್ಟೇಜ್ ನೀವು ಇಟ್ಟದ್ದಕ್ಕಿಂತ ಮೇಲೆ ಹಾರುತ್ತದೆ.

ಕುಶಾಲನಗರದಿಂದ:

ಮೇಲಿನವರ ಮಾತು ಸರಿ. ನನ್ನದೊಂದು ಸೇರಿಸಿಕೊಳ್ಳಿ. ಡಿಸೆಂಬರ್ ರಾತ್ರಿ ಪಾಸಾದ ಸೆಟ್ಟಿಂಗ್ ಏಪ್ರಿಲ್ ಮಧ್ಯಾಹ್ನ ನಿಲ್ಲಲಿಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ಟೆಸ್ಟ್ ಮಾಡುವವರು ಆ ಹತ್ತು ಡಿಗ್ರಿಗೆ ಈಗಲೇ ಜಾಗ ಬಿಡಿ. ಮನೆ ಪಕ್ಕ ಕಾಫಿ ಕಣ ಇದ್ದರೆ, ಒಣಗಿಸುವ ಕೆಲಸ ಮುಗಿದ ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಬಿಚ್ಚಿ ಧೂಳು ತೆಗೆಯಿರಿ. ನಮ್ಮಲ್ಲಿ ಅಷ್ಟರಿಂದಲೇ ಬಿಸಿ ಚೆನ್ನಾಗಿ ಇಳಿಯುತ್ತದೆ.

ವಿರಾಜಪೇಟೆಯಿಂದ:

ಮಳೆಗಾಲದ ಬಗ್ಗೆ ಯಾರೂ ಹೇಳಲಿಲ್ಲ. ಕಕ್ಕಡದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುವಾಗ ಸ್ಟೆಬಿಲಿಟಿ ಟೆಸ್ಟ್ ಮಾಡಿದರೆ, ಬಿದ್ದದ್ದು ಸೆಟ್ಟಿಂಗ್‌ನಿಂದಲೋ ಕರೆಂಟ್‌ನಿಂದಲೋ ಗೊತ್ತಾಗುವುದಿಲ್ಲ. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ) ಇರುವುದನ್ನೇ ತೆಗೆದುಕೊಳ್ಳಿ, ಈಗಿನ ಕೆಲವು ಪವರ್ ಸಪ್ಲೈಗಳು ಬೇರೆಯದಕ್ಕೆ ಸರಿಯಾಗಿ ಒಗ್ಗುವುದಿಲ್ಲ.

ತೇವಕ್ಕೆ ಹೆದರಿ ಕಂಪ್ಯೂಟರ್ ಮುಚ್ಚಿಡುವವರಿದ್ದಾರೆ. ಬೇಡ. ದಿನಾ ಸ್ವಲ್ಪ ಹೊತ್ತು ಓಡಿದರೆ ಒಳಗೆ ಬೆಚ್ಚಗಿದ್ದು ಒಣಗಿರುತ್ತದೆ. ಮಾಮೂಲಿ ಗಾಳಿಯ ಕೂಲರ್ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು, ಹಾಗಾಗಿ ಓಡುವಾಗ ಅದರಿಂದ ನೀರು ಕಟ್ಟುವ ಭಯವಿಲ್ಲ. ಪೆಲ್ಟಿಯರ್ (ಕರೆಂಟಿನಿಂದ ತಂಪು ಮಾಡುವ ಬಿಲ್ಲೆ), ಐಸ್ ನೀರು ಅಂತ ಹೊರಟರೆ ಮಾತ್ರ ನಮ್ಮ ಜುಲೈ ಗಾಳಿಯಲ್ಲಿ ಸಾಕೆಟ್ ಸುತ್ತ ನೀರಿಳಿಯುತ್ತದೆ.

ನಾನು ರೈಜನ್ 5 5600 ಬಳಸುತ್ತೇನೆ, ನನ್ನ ದಾರಿ ಬೇರೆ. ಕರ್ವ್ ಆಪ್ಟಿಮೈಜರ್‌ನಲ್ಲಿ (ಪ್ರತಿ ವೇಗಕ್ಕೆ ಚಿಪ್ ಕೇಳುವ ವೋಲ್ಟೇಜ್ ಹೊಂದಿಸುವ ಬಯೋಸ್ ಸೆಟ್ಟಿಂಗ್) ಮೈನಸ್ 15 ಇಟ್ಟು ವೋಲ್ಟೇಜ್ ಇಳಿಸಿದೆ. ಬಿಸಿ ಇಳಿಯಿತು, ಚಿಪ್ ತಾನಾಗಿ ಹೆಚ್ಚು ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. 3600ಕ್ಕೆ ಆ ಸೌಲಭ್ಯ ಇಲ್ಲ, ಅದು 5000 ಸರಣಿಯಿಂದ ಬಂದದ್ದು. ನಿಮ್ಮ ಬಿ450ಗೆ ಬಯೋಸ್ ಅಪ್‌ಡೇಟ್ ಇದ್ದರೆ 5600 ಕೂರುತ್ತದೆ, ಮುಂದೆ ಯೋಚಿಸಿ. ಹೀಗೆ ಇಳಿಸಿದಾಗ ತೊಂದರೆ ಲೋಡ್‌ನಲ್ಲಿ ಕಾಣದೆ, ಸುಮ್ನೆ ಬಿಟ್ಟಾಗ ರೀಸ್ಟಾರ್ಟ್ ಆಗುವುದರಲ್ಲಿ ಕಾಣಬಹುದು.

ಸೋಮವಾರಪೇಟೆಯಿಂದ:

1.45 ಬಿಟ್ಟೆ. ಟವರ್ ಕೂಲರ್ ತರಿಸುತ್ತೇನೆ. ಬೂಟ್ ಆಗದೇ ಹೋದರೆ?

ಮಡಿಕೇರಿಯಿಂದ:

ಪ್ಲಗ್ ತೆಗೆದು, ಬೋರ್ಡ್ ಮೇಲಿನ ಕ್ಲಿಯರ್ ಸಿಮಾಸ್ ಪಿನ್ ಎರಡನ್ನೂ ಕೆಲವು ಸೆಕೆಂಡ್ ಸ್ಕ್ರೂಡ್ರೈವರ್‌ನಿಂದ ಮುಟ್ಟಿಸಿ. ಬಯೋಸ್ ಮೊದಲಿನಂತಾಗುತ್ತದೆ. ಈಗಿನ ಸೆಟ್ಟಿಂಗ್‌ಗಳ ಫೋಟೊ ಫೋನಿನಲ್ಲಿ ಇರಲಿ. ಮತ್ತೆ, ನಿಮ್ಮ ಬೋರ್ಡ್ ಯಾವ ಮಾಡೆಲ್ ಅಂತ ಬರೆಯಿರಿ. ಸಾಕೆಟ್ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಒದಗಿಸುವ ಭಾಗ) ಮೇಲೆ ಹೀಟ್‌ಸಿಂಕ್ ಇಲ್ಲದ ಬಿ450 ಆಗಿದ್ದರೆ 4.2ರ ಆಸೆ ಬಿಟ್ಟು, ಎಲ್ಲವನ್ನೂ ಆಟೋದಲ್ಲೇ ಇಡಿ.