ಮುಧೋಳ ನಾಯಿ ಮನೆಯವರನ್ನ ಹಚ್ಚಿಕೊಳ್ಳುತ್ತಾ, ಬರೀ ಬೇಟೆಗಷ್ಟೇನಾ?

ಎರಡನೇ_ಮಹಡಿ: ಬೆಂಗಳೂರಿನ ಫ್ಲ್ಯಾಟು. ಏಳು ವರ್ಷದ ಮಗು ಇದೆ, ಬೆಕ್ಕೂ ಇದೆ. ಎರಡು ತಿಂಗಳ ಮುಧೋಳ ಮರಿ ತರುವ ಯೋಚನೆ. ಲ್ಯಾಬ್ರಡಾರ್ ಥರ ಪ್ರೀತಿ ತೋರಿಸಲ್ಲ, ಮುಟ್ಟಿದ್ರೆ ದೂರ ಸರಿಯುತ್ತೆ ಅಂತಾರೆ. ಗೊತ್ತಿರೋರು ಹೇಳಿ.

ನೇರಮಾತು: ಬೇಡ. ಕಣ್ಣಿಂದ ನೋಡಿ ಓಡಿ ಹಿಡಿಯುವ ಜಾತಿ ಅದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅದನ್ನು ಪೋಷಿಸಿದ್ದು, ಐದನೇ ಜಾರ್ಜ್ ದೊರೆಗೆ ಜೋಡಿ ಕೊಟ್ಟಿದ್ದು ಅದರ ಓಟ ನೋಡಿ, ಸೋಫಾ ಮೇಲೆ ಮಲಗೋ ಚಂದಕ್ಕಲ್ಲ. ಅಂಚೆಚೀಟಿಯಲ್ಲಿ ಬಂತು, ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ್ರು ಅಂತ ಈಗ ಎಲ್ಲರಿಗೂ ಬೇಕು.

ಘಟಪ್ರಭಾ_ದಂಡಿ: ಸೋಫಾ ಮ್ಯಾಲೆ ಮಲಗೋದರಾಗ ಅದಕ್ಕ ಸರಿಸಾಟಿನ ಇಲ್ಲ ನೋಡ್ರಿ! ಓಡಾಕ ಬಿಟ್ರ ಹತ್ತು ನಿಮಿಷ ಗಾಳಿಯಂಗ ಓಡತೈತಿ, ಆಮ್ಯಾಲೆ ದಿನಾ ಪೂರ್ತಿ ಮಲಗತೈತಿ. ನಮ್ಮ ಕಡೆ ಹೊಲದ ಮನ್ಯಾಗ ಕಟ್ಟದ ಬಿಟ್ಟ ನಾಯಿ ಒಳಗ ಬಂದು ಮನಿ ಮಂದಿ ಹಾಸಿಗಿ ಪಕ್ಕದಾಗ ಮಲಗತೈತಿ. ಸರಪಳಿ ಹಾಕಿ ಕಟ್ಟಿದ್ದ ನಾಯಿನ ಸಿಡುಕ ಆಗೋದು. ಜಾತಿಗಿ ಹೆಸರು ಕೆಡತೈತಿ, ತಪ್ಪು ಸರಪಳಿದು.

ಪಶುವೈದ್ಯೆ_ಧಾರವಾಡ: ಇಬ್ಬರೂ ಅರ್ಧರ್ಧ ಸರಿ. ಈ ನಾಯಿಯ ಅಕ್ಕರೆಯನ್ನು ಬಾಲ ಎಷ್ಟು ಆಡಿತು, ಮುಖ ಎಷ್ಟು ನೆಕ್ಕಿತು ಅಂತ ಅಳೆಯಬಾರದು. ನೀವು ಕೋಣೆ ಬದಲಿಸಿದಾಗ ಎದ್ದು ಬಂದು ನೀವು ಕಾಣುವಷ್ಟು ದೂರದಲ್ಲಿ ಮಲಗುತ್ತದೆಯೇ? ನಿಂತಾಗ ಮೈಭಾರವನ್ನು ನಿಮ್ಮ ತೊಡೆಗೆ ಒರಗಿಸುತ್ತದೆಯೇ? ಅದೇ ಅದರ ಪ್ರೀತಿ. ಮುಖ ಪಕ್ಕಕ್ಕೆ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದಾಗ ಆಕಳಿಸುವುದು, ಮೈ ಬಿಗಿಹಿಡಿಯುವುದು "ಸಾಕು" ಅನ್ನುವ ಸೂಚನೆಗಳು. ಅದನ್ನು ಕಡೆಗಣಿಸಿ ಅಪ್ಪಿಕೊಂಡರೆ ಮುಂದೆ ಗುರ್ ಅನ್ನುತ್ತದೆ. ಗುರ್ ಅಂದದ್ದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನೇ ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಮಗುವಿಗೆ ಎರಡೇ ನಿಯಮ ಸಾಕು: ಮಲಗಿದ ನಾಯಿಯನ್ನು ಮುಟ್ಟದೆ ದೂರದಿಂದ ಹೆಸರು ಕರೆದು ಎಬ್ಬಿಸಬೇಕು, ತಿನ್ನುವಾಗ ಹತ್ತಿರ ಹೋಗಬಾರದು.

ನೇರಮಾತು: ಅಪರಿಚಿತರ ಕಂಡ್ರೆ ಮೂಲೆ ಸೇರುವ ಮುಧೋಳಗಳು ಎಷ್ಟಿಲ್ಲ? ಸ್ವಭಾವ ರಕ್ತದಲ್ಲೇ ಇರುತ್ತೆ ಡಾಕ್ಟ್ರೇ.

ಪಶುವೈದ್ಯೆ_ಧಾರವಾಡ: ಒಂದಷ್ಟು ರಕ್ತದಲ್ಲಿದೆ, ಅದಕ್ಕೇ ತಾಯಿಯನ್ನು ನೋಡದೆ ಮರಿ ತರಬೇಡಿ ಎನ್ನುವುದು. ತಾಯಿ ಜನರನ್ನು ಕಂಡು ಮಂಚದಡಿ ನುಗ್ಗಿದರೆ ಆ ಮರಿ ಬೇಡ. ಉಳಿದದ್ದರಲ್ಲಿ ಬಹುಪಾಲು 3ರಿಂದ 14ನೇ ವಾರದೊಳಗೆ ತೀರ್ಮಾನವಾಗುತ್ತದೆ. ಆ ಅವಧಿಯಲ್ಲಿ ನೋಡದ, ಕೇಳದ ವಸ್ತು ಆಮೇಲೆ ಹೆದರಿಕೆಯ ವಸ್ತು. ತೋಟದ ಶೆಡ್ಡಿನಲ್ಲಿ ನಾಲ್ಕು ತಿಂಗಳು ಬೆಳೆದ ಮರಿಗೆ ಲಿಫ್ಟು, ಮಿಕ್ಸಿ, ಹೆಲ್ಮೆಟ್ ಹಾಕಿದ ಮನುಷ್ಯ ಎಲ್ಲವೂ ಭೂತ.

ಕೆಂಗೇರಿ_ಕೆನಲ್: ಇಲ್ಲೇ ನನ್ನ ತಕರಾರು. ಲಸಿಕೆ ಸರಣಿ ಮುಗಿಯೋದು 16 ವಾರಕ್ಕೆ. ಅದಕ್ಕೂ ಮೊದಲು ಮರಿ ಹೊರಗೆ ತಂದ್ರೆ ಪಾರ್ವೋ, ಮರಿಗಳ ಜೀವ ತೆಗೆಯುವ ವಾಂತಿ-ಭೇದಿ ರೋಗ. ನಮ್ಮ ಬೀದಿಗಳಲ್ಲಿ ಅದು ದೊಡ್ಡ ಅಪಾಯ. ನಾನಂತೂ ಹೊರಗೆ ಬಿಡಬೇಡಿ ಅಂತಲೇ ಹೇಳೋದು.

ಪಶುವೈದ್ಯೆ_ಧಾರವಾಡ: ನೆಲಕ್ಕೆ ಬಿಡಬೇಡಿ ಎನ್ನಿ, ಒಪ್ಪುತ್ತೇನೆ. ಹೊರಗೇ ಬೇಡ ಅಂದರೆ ಒಪ್ಪಲಾರೆ. 16 ವಾರ ಕಾದರೆ ಕಲಿಯುವ ಬಾಗಿಲೇ ಮುಚ್ಚಿರುತ್ತದೆ. ತೋಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿ, ಬಸ್ಸಿನ ಸದ್ದು ಕೇಳಿಸಲಿ, ಸದ್ದು ಬಂದ ಕೂಡಲೇ ಬೇಯಿಸಿದ ಕೋಳಿಯ ಚೂರು ಬಾಯಿಗೆ. ಲಸಿಕೆಯಾದ ಆರೋಗ್ಯವಂತ ನಾಯಿಯಿರುವ ಮನೆಗೆ ಕರೆದೊಯ್ಯಬಹುದು. ಬೀದಿನಾಯಿ ಓಡಾಡುವ ಮಣ್ಣು, ಪಾರ್ಕು ಮಾತ್ರ ಬೇಡ. 6ರಿಂದ 8ನೇ ವಾರದಲ್ಲಿ ಶುರುಮಾಡಿ 3–4 ವಾರಕ್ಕೊಮ್ಮೆ ಲಸಿಕೆ, 12 ವಾರ ತುಂಬಿದ ಮೇಲೆ ರೇಬೀಸ್.

ಕೆಂಗೇರಿ_ಕೆನಲ್: ತೋಳಲ್ಲಿ ಎತ್ತಿಕೊಂಡರೆ ಸರಿ. ಆದರೆ ಜನ ನಿಮ್ಮ ಮಾತಿನ ಮೊದಲರ್ಧ ಮಾತ್ರ ಕೇಳಿಸ್ಕೊಂಡು ಮರಿನ ಪಾರ್ಕಿಗೆ ಬಿಡ್ತಾರೆ, ಅದೇ ನನ್ನ ಭಯ.

ಎರಡನೇ_ಮಹಡಿ: ಬೆಕ್ಕಿನ ಕಥೆ?

ಘಟಪ್ರಭಾ_ದಂಡಿ: ಸಣ್ಣ ಮರಿ ಇದ್ದಾಗಿಂದ ಕೂಡಿ ಬೆಳದ್ರ ಮನಿ ಬೆಕ್ಕು ಮನಿಯಾಕಿ ಆಗತೈತಿ. ಅದs ಬೆಕ್ಕು ಅಂಗಳದಾಗ ಓಡಿದ್ರ ಬೇಟಿ. ನಂಬಬ್ಯಾಡ್ರಿ.

ಕೆಂಗೇರಿ_ಕೆನಲ್: ಇದು ಪೂರ್ತಿ ನಿಜ. ಏನಾದ್ರೂ ಓಡಿದ್ದು ಕಂಡ್ರೆ ಸಾಕು, ಅದರ ಬೇಟೆಬುದ್ಧಿ ಕೆರಳುತ್ತೆ. ಮೊದಲ ತಿಂಗಳು ನಡುವೆ ಜಾಲರಿ ಗೇಟು, ಮರಿಗೆ ಹಗ್ಗ, ಬೆಕ್ಕಿಗೆ ಏರಿ ಕೂರಲು ಎತ್ತರದ ಜಾಗ. ಮನೆಯಲ್ಲಿ ಯಾರೂ ಇಲ್ಲದಾಗ ಬೇರೆ ಬೇರೆ ಕೋಣೆ, ಇದು ಜೀವನಪೂರ್ತಿ. ಇನ್ನು ಕೊರಳಪಟ್ಟಿ: ಈ ನಾಯಿಯ ತಲೆಗಿಂತ ಕುತ್ತಿಗೆ ದಪ್ಪ, ಹಿಂದಕ್ಕೆ ಜಗ್ಗಿದರೆ ಮಾಮೂಲಿ ಬೆಲ್ಟು ಕಳಚಿ ಕೈಗೆ ಬರುತ್ತೆ. ಎರಡು ಇಂಚು ಅಗಲದ ಮಾರ್ಟಿಂಗೇಲ್ ಹಾಕಿ, ಅಂದ್ರೆ ಜಗ್ಗಿದಾಗ ಒಂದು ಮಿತಿವರೆಗೆ ಮಾತ್ರ ಬಿಗಿಯುವ ಪಟ್ಟಿ. ಪೂರ್ತಿ ಬಿಗಿದಾಗ್ಲೂ ಕುತ್ತಿಗೆ ಒತ್ತಬಾರದು, ಕಿವಿ ದಾಟಿ ಜಾರಲೂಬಾರದು. ತಾನಾಗಿ ಉದ್ದವಾಗುವ ಹಗ್ಗ ಬೇಡವೇ ಬೇಡ. ಐದು ಮೀಟರ್ ಓಡಿ ವೇಗ ಹಿಡಿದ ಮೇಲೆ ಬೀಳುವ ಜಗ್ಗು ಕುತ್ತಿಗೆಯ ಮೇಲೆ. ಬಾಲ್ಕನಿಗೆ ಪೂರ್ತಿ ಗ್ರಿಲ್ಲು, ಪಾರಿವಾಳ ಕಂಡ್ರೆ ಅದಕ್ಕೆ ಮಹಡಿ ನೆನಪಿರಲ್ಲ.

ನೇರಮಾತು: ಸರಿ, ಸಾಕಬಹುದು ಅಂತಾನೇ ಇಟ್ಕೊಳ್ಳೋಣ. ಕಾವಲಿಗಾದ್ರೂ ಆಗುತ್ತಾ? ಸೇನೆಯವರೇ 2016ರಲ್ಲಿ ಮೀರತ್ತಿನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ಮರಿ ತಗೊಂಡು ಹೋದ್ರಲ್ಲ.

ಕೆಂಗೇರಿ_ಕೆನಲ್: ಸೇನೆ ಬೇರೆ, ಮನೆ ಬೇರೆ. ಸದ್ದು ಕೇಳಿದ್ರೆ ಬೊಗಳುತ್ತೆ, ಹೊಸಬರು ಬಂದ್ರೆ ಎದ್ದು ನಿಲ್ಲುತ್ತೆ. ಅದಕ್ಕಿಂತ ಹೆಚ್ಚು ಬಯಸಿ ಸಿಟ್ಟು ಕಲಿಸೋಕೆ ಹೋದ್ರೆ, ಹೆದರಿ ಕಚ್ಚುವ ನಾಯಿ ತಯಾರಾಗುತ್ತೆ. ಗದರಿದ್ರೇ ಮುದುಡಿಕೊಳ್ಳುವ ಜೀವ ಅದು. ತರಬೇತಿ ಒಮ್ಮೆಗೆ ಮೂರು-ನಾಲ್ಕು ನಿಮಿಷ, ಐದಾರು ಸಲ ಮಾಡಿಸಿ ನಿಲ್ಲಿಸಿ. ಇಪ್ಪತ್ತನೇ ಸಲ "ಕೂರು" ಅಂದ್ರೆ ಎದ್ದು ಹೋಗುತ್ತೆ. ದಡ್ಡತನ ಅಂತೀರಿ, ಅದಕ್ಕೆ ಬೇಜಾರಾಗಿರುತ್ತೆ ಅಷ್ಟೇ. "ಬಾ" ಕಲಿಸುವಾಗ ಹತ್ತು ಮೀಟರ್ ಹಗ್ಗ ಇರಲಿ. ಒಮ್ಮೆ ಕರೆಯಿರಿ, ಬಂದಾಗಲೆಲ್ಲ ತಿನ್ನಲು ಕೊಡಿ, ಬಂದ ಮೇಲೆ ಎಂದಿಗೂ ಬೈಯಬೇಡಿ. ಇಷ್ಟಾದರೂ ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬೇಡಿ.

ಘಟಪ್ರಭಾ_ದಂಡಿ: ಊಟದ ಮಾತು ಯಾರೂ ಆಡವಲ್ರಿ. ಜ್ವಾಳದ ನುಚ್ಚು, ಹಾಲು, ಮ್ಯಾಲೊಂದು ತತ್ತಿ. ತಲೆತಲಾಂತರದಿಂದ ಇದರ ಮ್ಯಾಲೆ ಬೆಳದಾವ.

ಪಶುವೈದ್ಯೆ_ಧಾರವಾಡ: ದೊಡ್ಡ ನಾಯಿಗೆ ಅಡ್ಡಿಯಿಲ್ಲ. ಬೆಳೆಯುವ ಮರಿಗೆ ನುಚ್ಚೇ ಮುಖ್ಯವಾದರೆ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಸಾಲದೆ ಕಾಲು ಬಾಗುತ್ತದೆ. ಮರಿಗಳ ಆಹಾರ ಕೊಡಿ, ಇಲ್ಲವೇ ಕೋಳಿ ಮಾಂಸ, ಮೊಟ್ಟೆ ಸೇರಿಸಿ ವೈದ್ಯರ ಹತ್ತಿರ ಲೆಕ್ಕ ಹಾಕಿಸಿ. ಹಾಲು ಜಾಸ್ತಿಯಾದರೆ ಭೇದಿ. ಕೊನೆಯ ಎರಡು-ಮೂರು ಪಕ್ಕೆಲುಬು ಕಂಡರೆ ಗಾಬರಿ ಬೇಡ, ಈ ಜಾತಿಯ ಮೈಕಟ್ಟೇ ಹಾಗೆ. ನೆರೆಯವರ ಮಾತು ಕೇಳಿ ದಪ್ಪ ಮಾಡಬೇಡಿ. ಎದೆ ಆಳ, ಹೊಟ್ಟೆ ಸಣ್ಣ, ಹಾಗಾಗಿ ಊಟಕ್ಕೂ ಓಟಕ್ಕೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಸಿದರೆ ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ. ಸಂತಾನಹರಣ ಮಾಡಿಸುವಾಗ "ಇದು ಸೈಟ್‌ಹೌಂಡ್" (ಕಣ್ಣಿಂದ ನೋಡಿ ಬೇಟೆಯಾಡುವ ಜಾತಿ) ಅಂತ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಥಯೋಪೆಂಟಾಲ್ ಎಂಬ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ತುಂಬ ಹೊತ್ತು ಹಿಡಿಯುತ್ತದೆ, ಅಪಾಯವೂ ಇದೆ. ಪ್ರೊಪೊಫಾಲ್, ಐಸೊಫ್ಲುರೇನ್ ಅರಿವಳಿಕೆ ಇರುವ ಕಡೆ ಹೋಗಿ.

ಎರಡನೇ_ಮಹಡಿ: ದಿನಕ್ಕೆ ಒಂಬತ್ತು ಗಂಟೆ ಮನೆ ಖಾಲಿ ಇರುತ್ತೆ. ಅದಕ್ಕೆ ಏನಾದ್ರೂ ಉಪಾಯ?

ನೇರಮಾತು: ಅದನ್ನ ಮೊದಲೇ ಹೇಳಬೇಕಿತ್ತು ಮಾರಾಯ್ರೆ.

ಪಶುವೈದ್ಯೆ_ಧಾರವಾಡ: ಎರಡು ತಿಂಗಳ ಮರಿಯನ್ನು ಒಂಬತ್ತು ಗಂಟೆ ಬಿಡಲು ಬರುವುದಿಲ್ಲ. ಆ ವಯಸ್ಸಿಗೆ ಎರಡು ಗಂಟೆಗೊಮ್ಮೆ ಮೂತ್ರ, ದಿನಕ್ಕೆ ನಾಲ್ಕು ಊಟ. ಒಂಟಿತನವನ್ನು ಐದು ನಿಮಿಷ, ಹದಿನೈದು, ಅರ್ಧ ಗಂಟೆ ಅಂತ ಏರಿಸುತ್ತ ಕಲಿಸಬೇಕು, ಅದಕ್ಕೇ ಎರಡು ತಿಂಗಳು ಬೇಕು. ನೀವು ಹೇಳಿದ ಆ ದೂರ ಸರಿಯುವ ನಾಯಿಯೇ ಒಂಟಿಯಾದರೆ ಬಾಗಿಲು ಕೆರೆದು ಉಗುರು ಮುರಿದುಕೊಳ್ಳುತ್ತದೆ.

ಘಟಪ್ರಭಾ_ದಂಡಿ: ಮನ್ಯಾಗ ಹಿರಿಯಾರು ಯಾರರ ಇರತಾರೇನ್ರಿ? ಇದ್ರ ತರ್ರಿ. ಇಲ್ಲಂದ್ರ ವರ್ಷ ತುಂಬಿದ, ಮಂದಿ ನಡುವ ಬೆಳದ ನಾಯಿ ಕೇಳ್ರಿ. ಮುಧೋಳ ಹತ್ತರದ ತಿಮ್ಮಾಪುರದ ಶ್ವಾನ ಕೇಂದ್ರದಾಗೂ ವಿಚಾರಿಸ್ರಿ.

ಎರಡನೇ_ಮಹಡಿ: ಅತ್ತೆ ಜೂನಿನಿಂದ ನಮ್ಮ ಜೊತೆಗೇ ಇರ್ತಾರೆ. ಅಲ್ಲಿವರೆಗೆ ಮರಿ ಬೇಡ, ಬಾಲ್ಕನಿ ಗ್ರಿಲ್ಲು ಮಾಡಿಸ್ತೀನಿ.