ತಂಡದಲ್ಲಿ ನಮ್ಮನ್ನು ಒಪ್ಪದವರ ಜೊತೆ ಕೆಲಸ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಆರು ಜನರ ತಂಡದಲ್ಲಿದ್ದೇನೆ. ನಾನು ಏನು ಸೂಚಿಸಿದರೂ ಇಬ್ಬರು ಸಹೋದ್ಯೋಗಿಗಳು ಆಕ್ಷೇಪ ಎತ್ತುತ್ತಾರೆ. ವಾದಿಸಿದರೆ ಜಗಳಗಂಟನೆಂಬ ಹೆಸರು ಬರುತ್ತದೆ. ಸುಮ್ಮನಿದ್ದರೆ ಸರಿಯೆಂದು ತೋರದ ಕೆಲಸಕ್ಕೆ ಕೈಜೋಡಿಸಬೇಕಾಗುತ್ತದೆ. ಇಂಥ ಸ್ಥಿತಿಯನ್ನು ದಾಟಿ ಬಂದವರು ಹೇಗೆ ನಡೆದುಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ‘ಏನು ಸೂಚಿಸಿದರೂ’ ಎಂದು ಬರೆದಿದ್ದೀರಿ. ನಾನೂ ಒಂದು ಕಾಲಕ್ಕೆ ಹಾಗೆಯೇ ನಂಬಿದ್ದೆ. ಒಮ್ಮೆ ಬೇರೆ ಯಾವುದೋ ಕಾರಣಕ್ಕೆ ಮೂರು ತಿಂಗಳ ಸಭೆಯ ಟಿಪ್ಪಣಿಗಳನ್ನು ತಿರುವಿ ಹಾಕಿದಾಗ, ನನ್ನ ವಿರೋಧಿ ಎಂದುಕೊಂಡಿದ್ದ ಹಿರಿಯ ಸಹೋದ್ಯೋಗಿ ನನ್ನ ಸಲಹೆಗಳಲ್ಲಿ ಹೆಚ್ಚಿನವನ್ನು ಮರುಮಾತಿಲ್ಲದೆ ಒಪ್ಪಿದ್ದು ಕಂಡಿತು. ಅವರು ತಡೆದದ್ದು ನಾಲ್ಕೇ ಸಲ. ಒಪ್ಪಿಗೆ ಮರೆತುಹೋಗಿ ಆಕ್ಷೇಪ ಮಾತ್ರ ಮುಳ್ಳಿನಂತೆ ಉಳಿದಿತ್ತು.

ಆ ನಾಲ್ಕರಲ್ಲಿ ದೊಡ್ಡದು, ಹಳೆಯ ತಂತ್ರಾಂಶದಲ್ಲಿದ್ದ ಗ್ರಾಹಕರ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ವಿಚಾರ. ಹಂತಹಂತವಾಗಿ ಸಾಗಿಸೋಣವೆಂದು ನಾನು, ಒಂದೇ ರಾತ್ರಿಯಲ್ಲಿ ಮುಗಿಸೋಣವೆಂದು ಅವರು ಪಟ್ಟು ಹಿಡಿದು ಎರಡು ಸಭೆಗಳನ್ನು ಕಳೆದೆವು. ಮೂರನೆಯ ಸಭೆಗೆ ಮೊದಲು ಅವರ ವಾದವನ್ನು ನನ್ನ ಮಾತಿನಲ್ಲಿ ಬರೆದು, ‘ನೀವು ಹೇಳುತ್ತಿರುವುದು ಇದೇ ತಾನೆ?’ ಎಂದು ಕೇಳಿದೆ. ಅಲ್ಲವೆಂದರು, ತಿದ್ದಿ ಕೊಟ್ಟರು. ಎರಡು ವ್ಯವಸ್ಥೆಗಳು ಜೊತೆಯಾಗಿ ನಡೆಯುವ ದಿನಗಳಲ್ಲಿ ಒಬ್ಬನೇ ಗ್ರಾಹಕನ ವಿವರ ಒಂದು ಕಡೆ ತಿದ್ದಲ್ಪಟ್ಟು ಇನ್ನೊಂದು ಕಡೆ ಹಳೆಯದೇ ಉಳಿದುಬಿಡಬಹುದೆಂಬ ಅವರ ಭಯ ನನಗೆ ಮೊದಲ ಬಾರಿಗೆ ಅರ್ಥವಾದದ್ದು ಆಗ. ಒಂದೇ ರಾತ್ರಿಯಲ್ಲಿ ಎಡವಿದರೆ ಹಿಂದಿರುಗಲು ದಾರಿಯಿಲ್ಲವೆಂಬ ನನ್ನ ಭಯವನ್ನು ಅವರೂ ಅಲ್ಲಿಯವರೆಗೆ ಬರಿಯ ಹಿಂಜರಿಕೆಯೆಂದೇ ತಿಳಿದಿದ್ದರು.

ದಾಖಲೆಗಳ ನಕಲಿನ ಮೇಲೆ ಎರಡು ಸಲ ತಾಲೀಮು ನಡೆಸಬೇಕು, ಎರಡನೆಯದೂ ಕೈಕೊಟ್ಟರೆ ನನ್ನ ದಾರಿ, ಇಲ್ಲವಾದರೆ ಅವರ ದಾರಿ ಎಂದು ಮೊದಲೇ ಒಪ್ಪಿಕೊಂಡೆವು. ಎರಡನೆಯ ತಾಲೀಮು ಸುಸೂತ್ರವಾಗಿ ನಡೆಯಿತು. ನನಗೆ ಒಳಗೊಳಗೇ ಸ್ವಲ್ಪ ಬೇಸರವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಫಲಿತಾಂಶ ಬರುವ ಮುನ್ನವೇ ‘ಏನು ಕಂಡರೆ ನನ್ನ ಅಭಿಪ್ರಾಯ ಬದಲಾಗುತ್ತದೆ’ ಎಂದು ಇಬ್ಬರೂ ಹೇಳಿಕೊಂಡಿದ್ದರಿಂದ, ಆಮೇಲೆ ಮಾತು ತಿರುಗಿಸಲು ಯಾರಿಗೂ ಅವಕಾಶವಿರಲಿಲ್ಲ.

ಉತ್ತರ 2: ಸುಮ್ಮನಿರುವುದರ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದು ಯೋಜನೆಯ ಗಡುವು ಅಸಾಧ್ಯವೆಂದು ತಿಳಿದೂ ನಾನು ಸಭೆಯಲ್ಲಿ ಬಾಯಿ ಬಿಡಲಿಲ್ಲ; ಹೊರಗೆ ಬಂದ ಮೇಲೆ ಇನ್ನೂ ಮೂವರು ಅದನ್ನೇ ಹೇಳಿದರು. ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಪ್ರಯೋಗಗಳಲ್ಲಿ ತೋರಿಸಿದ್ದೂ ಇಂಥದ್ದನ್ನೇ: ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಅನೇಕರು ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದರು, ಆದರೆ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಹಾಗೆ ಮಣಿಯುವುದು ಬಹಳ ಕಡಿಮೆಯಾಯಿತು. ಆದ್ದರಿಂದ ನಾನೀಗ ಸಭೆಗೆ ಮೊದಲು ಒಬ್ಬರ ಬಳಿಯಾದರೂ ನನ್ನ ಅನುಮಾನವನ್ನು ಹೇಳಿಕೊಳ್ಳುತ್ತೇನೆ, ಸಾಧ್ಯವಾದರೆ ಆಕ್ಷೇಪಿಸುವವರ ಬಳಿಯೇ. ಇದು ಗುಂಪು ಕಟ್ಟುವುದಕ್ಕೆ ತಿರುಗದಂತೆ ಎಚ್ಚರವಿರಬೇಕು.

ಉತ್ತರ 3: ಮೇಲಿನವರ ಮಾತು ನಿಜವಾದರೂ ಎಲ್ಲ ಭಿನ್ನಾಭಿಪ್ರಾಯಗಳೂ ಮಾತಿನಿಂದ ಬಗೆಹರಿಯುತ್ತವೆಂದು ನಾನು ನಂಬುವುದಿಲ್ಲ. ಹತ್ತು ವರ್ಷ ತಂಡ ನಡೆಸಿದವಳಾಗಿ ಹೇಳುವುದಾದರೆ, ಯಾರು ತೀರ್ಮಾನಿಸುತ್ತಾರೆ, ಯಾವ ದಿನದೊಳಗೆ ಎಂಬುದು ಗೊತ್ತಿಲ್ಲದಿದ್ದಾಗಲೇ ಚರ್ಚೆ ಹಗೆತನವಾಗುತ್ತದೆ. ತೀರ್ಮಾನವಾದ ಮೇಲೆ, ಒಪ್ಪದವರ ಕಾರಣವನ್ನು ಅವರದೇ ಮಾತಿನಲ್ಲಿ ಎರಡು ಸಾಲು ಬರೆದಿಟ್ಟು, ಯಾವ ಸಂದರ್ಭದಲ್ಲಿ ವಿಷಯವನ್ನು ಮತ್ತೆ ತೆರೆಯಬಹುದೆಂದೂ ನಮೂದಿಸಿ ಕೆಲಸ ಮುಂದುವರಿಸುತ್ತೇವೆ.

ಅಭಿರುಚಿಯ ವಿಷಯಗಳಲ್ಲಿ ನಾನು ಬೇಗ ಸೋಲೊಪ್ಪುತ್ತೇನೆ. ಜೀವಕ್ಕೆ ಅಪಾಯವಿರುವಲ್ಲಿ ಹಾಗೆ ಮಾಡಬಾರದು. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಿಸಿದ ಸಂಸ್ಥೆಯ ಎಂಜಿನಿಯರುಗಳು ಚಳಿಯಲ್ಲಿ ರಾಕೆಟ್ಟಿನ ಭಾಗಗಳ ನಡುವಿನ ಸಂದುಗಳನ್ನು ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಲಾರವೆಂದು ಉಡಾವಣೆಯನ್ನು ವಿರೋಧಿಸಿದರು. ಅವರ ಮೇಲಧಿಕಾರಿಗಳು ಮೊದಲು ಅವರ ಪರ ನಿಂತು, ಒತ್ತಡ ಬಂದಾಗ ನಿಲುವು ಬದಲಿಸಿದರು. ಮರುದಿನ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಏಳು ಮಂದಿ ಸಹಿತ ನಾಶವಾಯಿತು. ಅಂಥ ಕಡೆ ಆಕ್ಷೇಪವನ್ನು ಕಡತಕ್ಕೆ ಸೇರಿಸಿದರೆ ಸಾಲದು. ತಂಡದ ಮೇಲಿನವರವರೆಗೂ ಅದನ್ನು ಮುಟ್ಟಿಸಬೇಕು.

ನಿಮ್ಮ ತಂಡದಲ್ಲಿ ಕೊನೆಯ ಮಾತು ಯಾರದೆಂದು ನೀವು ಬರೆದಿಲ್ಲ. ಅದು ತಿಳಿದರೆ ಇನ್ನಷ್ಟು ಸ್ಪಷ್ಟವಾಗಿ ಹೇಳಬಹುದು.